ಒಂದು ರಾತ್ರಿ ಸ್ಪಾ ಹೋಟೆಲ್‌ಗೆ ಹೋಗೋದಾದ್ರೆ ಭಾನುವಾರ ಹೋಗಿ
ಮಕ್ಕಳನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಗಂಡ ಹೆಂಡತಿ ಇಬ್ಬರೇ ದೇವನಹಳ್ಳಿ ಕಡೆಗೋ ಕನಕಪುರ ರಸ್ತೆ ಕಡೆಗೋ ಒಂದು ರಾತ್ರಿ ಇದ್ದು ಬರೋ ಯೋಚನೆ ಇದ್ದರೆ, ಶನಿವಾರ ಬಿಡಿ, ಭಾನುವಾರ ರಾತ್ರಿಗೆ ರೂಮ್ ಬುಕ್ ಮಾಡಿ. ವಾರಾಂತ್ಯದವರೆಲ್ಲ ಭಾನುವಾರ ಬೆಳಿಗ್ಗೆ ಖಾಲಿ ಮಾಡಿರ್ತಾರೆ, ಹಾಗಾಗಿ ಬಾಡಿಗೆ ಸಾಮಾನ್ಯವಾಗಿ ಇಳಿದಿರುತ್ತೆ. ಅದು ದಿನಕ್ಕೆ 7,500 ರೂಪಾಯಿ ದಾಟದಿದ್ದರೆ ಜಿಎಸ್‌ಟಿ ಶೇ. 5 ಮಾತ್ರ, ದಾಟಿದರೆ ಶೇ. 18. ಅಂದರೆ 8,000ದ ರೂಮ್‌ಗೆ ಒಟ್ಟು 9,440 ಆಗುತ್ತೆ, 7,400ರದ್ದಕ್ಕೆ ಬರೀ 7,770. ತುಂಬಾ ವ್ಯತ್ಯಾಸ ಅಲ್ವಾ? ಆದರೆ ದುಡ್ಡು ಕಟ್ಟೋ ಮುಂಚೆ ಸ್ಪಾಗೇ ಫೋನ್ ಮಾಡಿ, ಇಬ್ಬರಿಗೂ ಒಟ್ಟಿಗೆ ಸಂಜೆ ಐದರ ಹೊತ್ತಿಗೆ ಮಸಾಜ್ ಸಿಗುತ್ತಾ ಅಂತ ಕೇಳಿ. ಆಮೇಲೆ ಸ್ಟೀಮ್ ತಗೊಂಡು, ಎಣ್ಣೆ ತಲೆಯಲ್ಲೇ ಹಳೇ ಕಾಟನ್ ಬಟ್ಟೆ ಹಾಕ್ಕೊಂಡು ಸುಮ್ನೆ ಬಾಲ್ಕನಿಯಲ್ಲಿ ಕೂತು ಬಿಸಿ ಕಾಫಿ ಕುಡಿಯೋ ಸುಖ ಬೇರೇನೇ. ಸೋಮವಾರ ಸರ್ಕಾರಿ ರಜೆ ಇದ್ದರೆ ಈ ಲೆಕ್ಕ ನಡೆಯಲ್ಲ, ರೇಟ್ ಶನಿವಾರದಷ್ಟೇ ಇರುತ್ತೆ. ಒಂಬತ್ತಕ್ಕೆ ಆಫೀಸ್‌ನಲ್ಲಿ ಇರಬೇಕಾದವರಿಗೂ ಬೇಡ, ಹೆಬ್ಬಾಳದ ಟ್ರಾಫಿಕ್‌ನಲ್ಲೇ ಮಸಾಜ್ ಎಲ್ಲಾ ಇಳಿದುಹೋಗುತ್ತೆ. ಮಕ್ಕಳ ಯೂನಿಫಾರ್ಮ್, ಸ್ಕೂಲ್ ಬ್ಯಾಗ್ ಮರೀದೆ ಅಜ್ಜಿ ಮನೆಗೇ ಕಳಿಸಿ.