ಗ್ಲೌಸ್ ಯಾರ ಕೈಗೆ? ಎಳೆಯ ವಿಕೆಟ್ ಕೀಪರ್‌ನನ್ನು ಅಳೆಯುವ ಬಗೆ

ಏಪ್ರಿಲ್ ಬಂತೆಂದರೆ ಕಲಬುರಗಿಯ ಮೈದಾನಗಳಲ್ಲಿ ಬೇಸಿಗೆ ಕ್ರಿಕೆಟ್ ಶಿಬಿರಗಳು ಶುರುವಾಗುತ್ತವೆ. ಬೌಲರ್ ಆಗುವವರು, ಬ್ಯಾಟರ್ ಆಗುವವರು ಕರೆಯದೆಯೇ ಸಾಲುಗಟ್ಟುತ್ತಾರೆ. ಕೀಪರ್ ಯಾರೆಂಬ ಮಾತು ಬಂದಾಗ ಮಾತ್ರ ಗ್ಲೌಸ್ ಉಳಿದವನ ಕೈ ಸೇರುತ್ತದೆ. ಓಡಲಾಗದ ದಪ್ಪ ಹುಡುಗ, ಬೌಲಿಂಗ್ ಬಾರದವನು, ಇಲ್ಲವೇ ಮನೆಯಿಂದ ಕಿಟ್ ತಂದವನು. ಈ ಪದ್ಧತಿ ಆ ಹುಡುಗನಿಗೂ ತಂಡಕ್ಕೂ ಮಾಡುವ ಅನ್ಯಾಯ. ಇಪ್ಪತ್ತು ಓವರಿನ ಇನಿಂಗ್ಸ್ ಎಂದರೆ ಕನಿಷ್ಠ 120 ಸಲ ಕುಕ್ಕರುಗಾಲಿನಲ್ಲಿ ಕುಳಿತೇಳಬೇಕು, ಪ್ರತಿ ಎಸೆತಕ್ಕೂ ಸಿದ್ಧನಿರಬೇಕು. ಅಂಥ ಜಾಗಕ್ಕೆ ಹುಡುಕಿಯೇ ಆರಿಸಬೇಕು. ಹತ್ತರಿಂದ ಹದಿನೈದು ವರ್ಷದೊಳಗಿನ ಹುಡುಗರನ್ನೂ ಹುಡುಗಿಯರನ್ನೂ ಅಳೆಯಲು ದೈಹಿಕ ಶಿಕ್ಷಕರು, ತಂದೆತಾಯಿಗಳು ಅನುಸರಿಸಬಹುದಾದ ಕ್ರಮ ಇಲ್ಲಿದೆ.

ಗ್ಲೌಸ್ ಇಲ್ಲದೆ ಆರಂಭಿಸಿ

ಮೊದಲ ದಿನ ಗ್ಲೌಸ್ ಚೀಲದಲ್ಲೇ ಇರಲಿ. ಮಕ್ಕಳನ್ನು ಖೋಖೋ ಆಡಲು ಬಿಟ್ಟು ಪಕ್ಕದಲ್ಲಿ ನಿಂತು ನೋಡಿ. ಕುಳಿತಲ್ಲಿಂದ 'ಖೋ' ಕೇಳಿದೊಡನೆ ಮೈಯನ್ನು ತಗ್ಗಿಸಿಕೊಂಡೇ ಅಡ್ಡಕ್ಕೆ ಚಿಮ್ಮುವ ಮಗು ಯಾವುದು? ಮೊದಲು ನೆಟ್ಟಗೆ ಎದ್ದು, ಆಮೇಲೆ ಓಡುವ ಮಗು ಯಾವುದು? ಮೊದಲನೆಯದರ ಹೆಸರು ಬರೆದುಕೊಳ್ಳಿ. ನಮ್ಮ ಭಾಗದ ಸರ್ಕಾರಿ ಶಾಲೆಗಳಲ್ಲಿ ಖೋಖೋ ಚೆನ್ನಾಗಿ ಬೇರೂರಿದೆ. ಕ್ರಿಕೆಟ್ ತರಬೇತುದಾರರು ಅತ್ತ ತಿರುಗಿ ನೋಡದಿರುವುದೇ ನನಗೆ ಬೇಸರ. ಮಹೇಂದ್ರ ಸಿಂಗ್ ಧೋನಿ ಕೂಡ ರಾಂಚಿಯ ಶಾಲೆಯಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದವರು. ಅಲ್ಲಿಂದಲೇ ಅವರನ್ನು ಸ್ಟಂಪ್‌ಗಳ ಹಿಂದೆ ಕರೆತರಲಾಯಿತು.

ನಂತರ ಒಂದು ಸರಳ ಪರೀಕ್ಷೆ. ಮಗು ಕುಕ್ಕರುಗಾಲಿನಲ್ಲಿ ಕುಳಿತಿರಲಿ. ನೀವು ಮೂರು ಮೀಟರ್ ದೂರದಲ್ಲಿ ಎರಡೂ ಕೈ ಚಾಚಿ, ಒಂದೊಂದರಲ್ಲಿ ಒಂದು ಟೆನಿಸ್ ಚೆಂಡು ಹಿಡಿದು ನಿಲ್ಲಿ. ಯಾವುದಾದರೂ ಒಂದನ್ನು ಕೈಬಿಡಿ. ಚೆಂಡು ಎರಡನೇ ಸಲ ಪುಟಿಯುವುದರೊಳಗೆ ಮಗು ಅದನ್ನು ಹಿಡಿಯಬೇಕು. ಹಿಡಿದದ್ದೆಷ್ಟು ಎಂಬುದಕ್ಕಿಂತ ಮೊದಲ ಹೆಜ್ಜೆಯ ಮೇಲೆ ಕಣ್ಣಿಡಿ. ಹಿಮ್ಮಡಿಗೆ ಭಾರ ಹಾಕಿ ಕುಳಿತವರು ತಡವಾಗಿಯೇ ಹೊರಡುತ್ತಾರೆ. ಮುಂಗಾಲಿನ ಮೇಲೆ ಭಾರವಿಟ್ಟವರು ಚೆಂಡು ಕೈಬಿಟ್ಟ ಕ್ಷಣದಲ್ಲೇ ಹೊರಟಿರುತ್ತಾರೆ.

ಏಳುವ ಹೊತ್ತು

ಎಳೆಯ ಕೀಪರ್‌ಗಳಲ್ಲಿ ಅತಿ ಸಾಮಾನ್ಯವಾದ ದೋಷ ಬೇಗ ಎದ್ದುಬಿಡುವುದು. ಚೆಂಡು ನೆಲಕ್ಕೆ ಬೀಳುವವರೆಗೆ ಕೆಳಗೇ ಇದ್ದು, ಅದು ಪುಟಿದಂತೆ ಅದರ ಜೊತೆಗೆ ಏಳಬೇಕು. ಎದ್ದು ನಿಂತವನು ಮತ್ತೆ ಬಗ್ಗುವಷ್ಟರಲ್ಲಿ ಚೆಂಡು ಕಾಲ ಕೆಳಗೆ ನುಸುಳಿರುತ್ತದೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಹೆಚ್ಚಿನ ಶಾಲಾ ಪಂದ್ಯಗಳು ಮ್ಯಾಟ್ ಮೇಲೆ ನಡೆಯುತ್ತವೆ. ಮ್ಯಾಟ್ ಮೇಲೆ ಚೆಂಡು ಎತ್ತರಕ್ಕೆ ಪುಟಿಯುವುದರಿಂದ ಬೇಗ ಏಳುವ ಚಟ ಬಯಲಿಗೇ ಬರುವುದಿಲ್ಲ. ಆದ್ದರಿಂದ ಮ್ಯಾಟ್ ತೆಗೆದು ಬರಿನೆಲದ ಮೇಲೂ ಪರೀಕ್ಷಿಸಿ. ಬೇಸಿಗೆಯಲ್ಲಿ ಬಿರುಕುಬಿಟ್ಟ ಎರೆಮಣ್ಣಿನ ಮೇಲೆ ಒಂದು ಚೆಂಡು ಮೊಳಕಾಲಿಗೆ, ಇನ್ನೊಂದು ಎದೆಗೆ ಬರುತ್ತದೆ. ಮುಖಕ್ಕೆ ಏಟಾಗದಂತೆ ಇಲ್ಲಿ ಟೆನಿಸ್ ಚೆಂಡನ್ನೇ ಬಳಸಿ.

ಅಂಗೈ ನೋಡಿ

ಅಭ್ಯಾಸ ಮುಗಿದ ಮೇಲೆ ಗ್ಲೌಸ್ ಬಿಚ್ಚಿಸಿ ಅಂಗೈ ತೋರಿಸಲು ಹೇಳಿ. ಬೆರಳುಗಳ ಬುಡದಲ್ಲಿ ಕೆಂಪಾಗಿದ್ದರೆ ಚೆಂಡು ಸರಿಯಾದ ಜಾಗಕ್ಕೆ ಬೀಳುತ್ತಿದೆ. ಬೆರಳ ತುದಿ ನೋಯುತ್ತಿದ್ದರೆ ಮಗು ಬೆರಳುಗಳನ್ನು ಚೆಂಡಿಗೆ ಎದುರಾಗಿ ಚಾಚುತ್ತಿದೆ ಎಂದರ್ಥ. ಅವು ನೆಲದತ್ತ ಇರಬೇಕು. ಮಣಿಕಟ್ಟಿನ ಹತ್ತಿರ ಕೆಂಪಾಗಿದ್ದರೆ ಚೆಂಡನ್ನು ಬರಮಾಡಿಕೊಳ್ಳದೆ ಕೈ ಮುಂದಕ್ಕೆ ತಳ್ಳುತ್ತಿರಬಹುದು. ಇವೆರಡೂ ತಿದ್ದಬಹುದಾದ ದೋಷಗಳು. ಇದನ್ನೇ ನೆಪ ಮಾಡಿ ಯಾರನ್ನೂ ಕೈಬಿಡಬೇಡಿ.

ಚೆಂಡಿನ ತೂಕವನ್ನೂ ಗಮನಿಸಿ. 13 ವರ್ಷದೊಳಗಿನವರಿಗೆ ನಿಯಮದಂತೆ 133ರಿಂದ 144 ಗ್ರಾಂ ತೂಕದ ಚೆಂಡು ಸಾಕು. ಪುರುಷರ ಚೆಂಡು 156 ಗ್ರಾಂ ಆಸುಪಾಸಿನಿಂದ ಶುರುವಾಗುತ್ತದೆ. ಭಾರದ ಚೆಂಡು ಕೊಟ್ಟು, ಅಳತೆ ಮೀರಿದ ಗ್ಲೌಸ್ ತೊಡಿಸಿ, ಕೊನೆಗೆ 'ಇವನ ಕೈ ಗಟ್ಟಿ, ಚೆಂಡು ನಿಲ್ಲುವುದಿಲ್ಲ' ಎನ್ನುವುದು ನ್ಯಾಯವಲ್ಲ.

ನಿಜವಾದ ಪರೀಕ್ಷೆ: ಸ್ಟಂಪ್‌ಗೆ ಅಂಟಿ ನಿಂತಾಗ

ಹಿಂದೆ ನಿಂತು ಹಾರಿ ಹಿಡಿದ ಕ್ಯಾಚ್‌ಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಎರಡು ಹೆಜ್ಜೆ ಮೊದಲೇ ಇಟ್ಟಿದ್ದರೆ ಆ ಹಾರಾಟವೇ ಬೇಕಿರಲಿಲ್ಲ ಎಂಬುದು ಎಷ್ಟೋ ಸಲ ನಿಜ. ಕೀಪರ್‌ನ ಯೋಗ್ಯತೆ ತಿಳಿಯುವುದು ಸ್ಪಿನ್ನರ್ ಬಂದು, ಸ್ಟಂಪ್‌ಗೆ ಅಂಟಿ ನಿಲ್ಲಬೇಕಾದಾಗ. ಕರ್ನಾಟಕದ ಸೈಯದ್ ಕಿರ್ಮಾನಿ ಅವರನ್ನೇ ನೋಡಿ. ಪ್ರಸನ್ನ ಅವರ ಆಫ್ ಸ್ಪಿನ್‌ಗೂ ಚಂದ್ರಶೇಖರ್ ಅವರ ವೇಗದ ಗೂಗ್ಲಿಗೂ ಕೀಪಿಂಗ್ ಮಾಡಿ ಪಳಗಿದ ಅವರು 88 ಟೆಸ್ಟ್‌ಗಳಲ್ಲಿ 160 ಕ್ಯಾಚ್, 38 ಸ್ಟಂಪಿಂಗ್ ಮಾಡಿದರು. 1983ರ ವಿಶ್ವಕಪ್‌ನಲ್ಲಿ ಜಿಂಬಾಬ್ವೆ ವಿರುದ್ಧದ ಒಂದೇ ಪಂದ್ಯದಲ್ಲಿ ಐದು ಕ್ಯಾಚ್ ಹಿಡಿದರು.

ಈ ಪರೀಕ್ಷೆಗೆ ಜಾಲರಿಯಿರುವ ಹೆಲ್ಮೆಟ್ ಕಡ್ಡಾಯ. ಅದಿಲ್ಲದಿದ್ದರೆ ಪರೀಕ್ಷೆಯೇ ಬೇಡ. ಒಬ್ಬ ಬ್ಯಾಟರ್‌ನನ್ನು ನಿಲ್ಲಿಸಿ, ಬ್ಯಾಟ್ ಬೀಸಬೇಕು ಆದರೆ ಚೆಂಡಿಗೆ ತಾಗಿಸಬಾರದು ಎಂದು ಹೇಳಿ. ನೀವು ಹತ್ತು ಹನ್ನೆರಡು ಮೀಟರ್ ದೂರದಿಂದ ಕೈ ಕೆಳಗಿನಿಂದ ಚೆಂಡು ಹಾಕಿ. ಮೊದಲು ಆಫ್ ಸ್ಟಂಪ್ ಹೊರಗೆ, ಆಮೇಲೆ ಸ್ಟಂಪ್‌ನ ನೇರಕ್ಕೆ, ಕೊನೆಗೆ ಲೆಗ್ ಸೈಡ್.

ಬ್ಯಾಟ್ ಬೀಸಿದಾಗ ಮಗುವಿನ ಮುಖ ನೋಡಿ. ರೆಪ್ಪೆ ಬಡಿದರೆ ಚಿಂತೆಯಿಲ್ಲ, ಅದು ಅಭ್ಯಾಸದಿಂದ ಹೋಗುತ್ತದೆ. ತಲೆಯನ್ನೇ ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಮುಂದಿನ ದಾರಿ ಉದ್ದವಿದೆ. ಲೆಗ್ ಸೈಡ್ ಎಸೆತ ಇನ್ನೂ ಕಠಿಣ. ಚೆಂಡು ಬ್ಯಾಟರ್‌ನ ಮೈಮರೆಯಲ್ಲಿ ಒಂದು ಕ್ಷಣ ಕಾಣದಾಗುತ್ತದೆ. ಅಷ್ಟರಲ್ಲಿ ಕಾಲು ಸರಿದು, ಚೆಂಡು ಹೊರಬರುವ ಜಾಗದಲ್ಲಿ ತಲೆಯೂ ಕೈಯೂ ಕಾಯುತ್ತಿರಬೇಕು. ಚೆಂಡು ತಪ್ಪಿಹೋದರೂ ಸರಿ, ಕಾಲು ಸರಿದಿತ್ತೇ? ಸರಿದಿದ್ದರೆ ಆ ಮಗುವನ್ನು ಬಿಡಬೇಡಿ. ಅಷ್ಟೇ ಮುಖ್ಯವಾದದ್ದು ತಾಳ್ಮೆ. ಚೆಂಡು ಬ್ಯಾಟಿಗೋ ಬ್ಯಾಟರ್‌ಗೋ ತಾಗುವ ಮುನ್ನ, ಇಲ್ಲವೇ ಸ್ಟಂಪ್ ದಾಟುವ ಮುನ್ನ ಕೀಪರ್‌ನ ಗ್ಲೌಸ್ ಸ್ಟಂಪ್‌ಗಿಂತ ಮುಂದೆ ಬಂದರೆ ಅದು ನೋಬಾಲ್. ಸ್ಟಂಪಿಂಗ್ ಆತುರದಲ್ಲಿ ಮಕ್ಕಳು ಇದನ್ನು ಮರೆಯುತ್ತಾರೆ.

ದಣಿದ ಮೇಲೆ

ಬೆಳಗಿನ ಆರೂವರೆಗೆ ಎಲ್ಲರೂ ಚುರುಕು. ಅಭ್ಯಾಸದ ಕೊನೆಯ ಅರ್ಧ ಗಂಟೆಯಲ್ಲಿ ಅದೇ ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿ, ಆಗ ಕುಳಿತುಕೊಳ್ಳುವುದರ ಬದಲು ಬರೀ ಸೊಂಟ ಬಗ್ಗಿಸುವವರು ಕಾಣಿಸುತ್ತಾರೆ. ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಒಂಬತ್ತರೊಳಗೆ ಮುಗಿಸಿ, ನಡುನಡುವೆ ನೀರು ಕುಡಿಸಿ. ದಣಿವನ್ನು ಅಳೆಯುವ ಭರದಲ್ಲಿ ಮಗುವನ್ನು ಬಳಲಿಸಬಾರದು. ಚೆಂಡು ಬಿಟ್ಟಾಗ ಮಗು ಏನು ಮಾಡುತ್ತದೆ ಎಂಬುದೂ ಈ ಹೊತ್ತಿನಲ್ಲೇ ತಿಳಿಯುತ್ತದೆ. ಗ್ಲೌಸ್ ನೋಡುತ್ತಾ ನಿಲ್ಲುತ್ತದೆಯೋ, ಓಡಿ ಚೆಂಡು ತಂದು ಮತ್ತೆ ಕುಳಿತುಕೊಳ್ಳುತ್ತದೆಯೋ?

ಫೀಲ್ಡರ್ ಎಸೆದ ಚೆಂಡಿಗೆ ಸ್ಟಂಪ್ ಹತ್ತಿರ ಓಡಿ ಬರುವುದು, ಗಟ್ಟಿ ದನಿಯಲ್ಲಿ ಕೂಗಿ ಹೇಳುವುದು ಕಲಿಸಿದರೆ ಬರುತ್ತವೆ. ಮೊದಲ ಆಯ್ಕೆಯಲ್ಲಿ ಇವಕ್ಕೆ ಹೆಚ್ಚು ಅಂಕ ಬೇಡ.

ಬರೆದಿಡಿ, ಮತ್ತೆ ನೋಡಿ

ಒಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಸಾಕು: ಹಿಡಿದದ್ದು, ಗ್ಲೌಸ್‌ಗೆ ತಾಗಿ ಬಿದ್ದದ್ದು, ತಲುಪದೇ ಹೋದದ್ದು. ಸ್ಕೋರ್ ಪುಸ್ತಕದ ಬೈ ರನ್‌ಗಳನ್ನು (ಬ್ಯಾಟಿಗೂ ಮೈಗೂ ತಾಗದೆ ಕೀಪರ್‌ನನ್ನು ದಾಟಿದ ಚೆಂಡಿಗೆ ಬಂದ ರನ್) ನಂಬಿ ತೀರ್ಪು ಕೊಡಬೇಡಿ. ದಿಕ್ಕುತಪ್ಪಿದ ಬೌಲಿಂಗ್‌ಗೂ ಉಬ್ಬುತಗ್ಗಿನ ನೆಲಕ್ಕೂ ಕೀಪರ್ ಹೊಣೆಯಲ್ಲ. ಮೂರು ತಿಂಗಳ ನಂತರ ಅದೇ ಪರೀಕ್ಷೆಗಳನ್ನು ಮಾಡಿ ಹೋಲಿಸಿ. ಎರಡನೇ ಕಾಲಂ ಇಳಿದು ಮೊದಲನೆಯದು ಏರಿದ್ದರೆ ಮಗು ಕಲಿಯುತ್ತಿದೆ.

ಬ್ಯಾಟಿಂಗ್ ಬರುವವನೇ ಕೀಪರ್ ಆಗಲಿ ಎಂದು ಪೋಷಕರು ವಾದಿಸುತ್ತಾರೆ. 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ಕೀಪಿಂಗ್ ಮಾಡಿದ್ದನ್ನು ನೆನಪಿಸುತ್ತಾರೆ. ದೊಡ್ಡವರ ತಂಡದ ಸಮತೋಲನಕ್ಕೆ ಆ ಲೆಕ್ಕ ಸರಿ. ಹನ್ನೆರಡರ ಮಗುವಿನ ಆಯ್ಕೆಯಲ್ಲಿ ಅದನ್ನು ಮುಂದಿಟ್ಟರೆ ಒಳ್ಳೆಯ ಕೀಪರ್ ಬೌಂಡರಿ ಗೆರೆಯಲ್ಲೇ ಉಳಿದುಬಿಡುತ್ತಾನೆ.

ಹದಿಮೂರು, ಹದಿನಾಲ್ಕರಲ್ಲಿ ಮಕ್ಕಳು ದಿಢೀರನೆ ಎತ್ತರ ಬೆಳೆದಾಗ ಕೈಕಾಲಿನ ಹೊಂದಿಕೆ ಕೆಲಕಾಲ ತಪ್ಪುತ್ತದೆ. ಆ ಹಂತದಲ್ಲಿ ಯಾರನ್ನೂ ತಂಡದಿಂದ ತೆಗೆಯಬೇಡಿ. ಇದೇ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗಿನ ಮೂಳೆ ಉಬ್ಬಿ ನೋಯುವುದೂ ಉಂಟು. ಕುಳಿತೇಳಿದಷ್ಟೂ ನೋವು ಹೆಚ್ಚುತ್ತದೆ. ಮಗು ಮಂಡಿ ನೋವು ಎಂದರೆ ಸೋಮಾರಿತನ ಎಂದು ಗದರದೆ ಮೂಳೆ ವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟು ದಿನ ವಿಶ್ರಾಂತಿ ಕೊಡಿ. ಇದಕ್ಕಾಗಿಯೇ ಪ್ರತಿ ತಂಡದಲ್ಲಿ ಇಬ್ಬರು ಕೀಪರ್‌ಗಳನ್ನು ಸಿದ್ಧಪಡಿಸಿ, ನೆಟ್ಸ್‌ನಲ್ಲಿ ಗ್ಲೌಸ್ ಸರದಿಯಂತೆ ಇಬ್ಬರಿಗೂ ಸಿಗುವಂತೆ ನೋಡಿಕೊಳ್ಳಿ.