ಪಾಯ ತೋಡುವ ಮುಂಚೆ ಪತ್ರ ಬಿಚ್ಚಿ ನೋಡಿ

ಮನೆ ಕಟ್ಟೋಣ ಅಂತ ತೀರ್ಮಾನವಾದ ಕೂಡಲೇ ಮಾತು ಪ್ಲಾನಿನ ಕಡೆ ಹೊರಳುತ್ತದೆ. ಅಡುಗೆಮನೆ ಎಲ್ಲಿ, ಮೆಟ್ಟಿಲು ಎಲ್ಲಿ ಅಂತ. ಸ್ವಲ್ಪ ತಡೆಯಿರಿ. ಮೊದಲು ಸೈಟಿನ ಪತ್ರಗಳನ್ನು ಹೊರಗೆ ತೆಗೆಯಿರಿ.

ಕ್ರಯಪತ್ರ ಒಂದೇ ಸಾಲದು. ಮಾರಿದವರಿಗೆ ಆ ಜಾಗ ಹೇಗೆ ಬಂತು, ಅವರ ಹಿಂದಿನವರಿಗೆ ಹೇಗೆ ಬಂತು ಅನ್ನುವ ಕೊಂಡಿ ಎಲ್ಲೂ ತಪ್ಪಿರಬಾರದು. ಹಿರಿಯರ ಆಸ್ತಿಯಾಗಿದ್ದರೆ ಹಕ್ಕಿರುವವರೆಲ್ಲ ಸಹಿ ಹಾಕಿದ್ದಾರಾ ನೋಡಿ. ಸಾಲ, ಅಡಮಾನ, ಕೋರ್ಟು ಕೇಸು ಇದೆಯಾ ಅನ್ನೋದನ್ನು ವಕೀಲರಿಂದ ವಿಚಾರಿಸಿ. ವಾಸದ ಮನೆ ಕಟ್ಟಲು ಆ ಜಾಗಕ್ಕೆ ಅವಕಾಶ ಇದೆಯಾ ಅಂತಲೂ ಕೇಳಿ.

ಆಮೇಲೆ ಅಳತೆ. ಹಳೆ ಕಾಂಪೌಂಡನ್ನೇ ಗಡಿ ಅಂತ ನಂಬಬೇಡಿ. ಸರ್ವೆಯವರನ್ನು ಕರೆಸಿ, ಪಕ್ಕದವರ ಎದುರಿಗೇ ಮೂಲೆಗಳಿಗೆ ಕಲ್ಲು ನೆಡಿಸಿ. ನಾಲ್ಕು ಬದಿಯ ಜೊತೆ ಓರೆ ಅಳತೆಯನ್ನೂ ಹಿಡಿಸಿ. 30×40 ಅಡಿ ಸೈಟು ಮೂಲೆಮಟ್ಟಕ್ಕೆ ಸರಿಯಿದ್ದರೆ, ಅಂದರೆ ನಾಲ್ಕೂ ಮೂಲೆ ನೇರ 90 ಡಿಗ್ರಿ ಇದ್ದರೆ, ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ 50 ಅಡಿ ಬರಬೇಕು. ಒಂದು ಜಾಸ್ತಿ, ಇನ್ನೊಂದು ಕಮ್ಮಿ ಬಂದರೆ ಸೈಟು ಸೊಟ್ಟಗಿದೆ ಅಂತಲೇ ಅರ್ಥ. ಪಕ್ಕದವರ ಓಡಾಟದ ದಾರಿ, ಚರಂಡಿ ಪೈಪು, ಮೇಲೆ ಹಾದುಹೋದ ಕರೆಂಟ್ ತಂತಿ ಇವನ್ನೂ ಅದೇ ದಿನ ಗುರುತು ಮಾಡಿಸಿ.

ಕಟ್ಟಲು ಸಿಗುವ ಜಾಗ ಎಷ್ಟು ಅನ್ನೋದು ಇಲ್ಲಿಂದ ಮುಂದಿನ ಲೆಕ್ಕ. ಅದೇ ಸೈಟಿನಲ್ಲಿ ಮುಂದೆ 5, ಹಿಂದೆ 3, ಎರಡೂ ಪಕ್ಕ ಮೂರು ಮೂರು ಅಡಿ ಬಿಡಬೇಕು ಅಂದುಕೊಳ್ಳಿ. ಉಳಿಯುವುದು 24×32, ಅಂದರೆ 768 ಚದರ ಅಡಿ. ಒಟ್ಟು ಕಟ್ಟಡ ಸೈಟಿನ ಒಂದೂವರೆ ಪಟ್ಟು ಮೀರಬಾರದು ಅಂತ ನಿಯಮವಿದ್ದರೆ ಮಿತಿ 1,800. ಎರಡು ಮಹಡಿಗೆ 1,536 ಆಯಿತು. ಮೂರನೆಯದಕ್ಕೆ ಉಳಿದದ್ದು ಬರೀ 264! ನಿಮ್ಮ ಊರಿನ ನಿಯಮದ ಅಂಕಿ ಹಾಕಿ ಈ ಲೆಕ್ಕ ಮಾಡಿ, ಆಮೇಲೇ ರೂಮುಗಳ ಮಾತು. ಸಜ್ಜಾ, ಬಾಲ್ಕನಿ ಎಷ್ಟು ಹೊರಚಾಚಬಹುದು ಅಂತಲೂ ಕೇಳಿಕೊಳ್ಳಿ. ತಕರಾರು ಹುಟ್ಟುವುದು ಜಾಸ್ತಿ ಅಲ್ಲೇ.

ಮಣ್ಣು ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ತುಂಬಿಸಿದ ಮಣ್ಣೋ, ಕಪ್ಪು ಜೇಡಿಯೋ ಗೊತ್ತಿಲ್ಲದೆ ಪಾಯದ ಆಳ ಹೇಳುವುದು ಹೇಗೆ, ಅಲ್ವಾ?

ಕೊನೆಗೆ ಪ್ಲಾನಿಗೆ ಮಂಜೂರಾತಿ. 'ಅರ್ಜಿ ಕೊಟ್ಟಾಯಿತಲ್ಲ' ಅಂತ ಕೆಲಸ ಶುರು ಮಾಡಬೇಡಿ. ಅನುಮತಿ ಪತ್ರ ಬಂದ ಮೇಲೆ ಅದರ ಅವಧಿ, ಷರತ್ತು ಓದಿ. ಮೇಸ್ತ್ರಿ ಕೈಗೆ ಕೊಡುವುದು ಮೊಹರು ಬಿದ್ದ ನಕ್ಷೆಯ ಪ್ರತಿಯೇ ಆಗಿರಲಿ. ಹಳೆ ಕರಡುಗಳನ್ನೆಲ್ಲ ಅವತ್ತೇ ಹರಿದು ಹಾಕಿ.