ಜೀವಂತ ಹಿಡಿಯಬೇಕಾ? ಬಿಲ್ಲು ಕೆಳಗಿಡಿ

ಕುವೆಂಪುನಗರದಲ್ಲಿ ನಾವು ಭಾನುವಾರ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ (ಕಥೆಯ ಪಾತ್ರಗಳಾಗಿ ಡೈಸ್ ಉರುಳಿಸಿ ಆಡುವ ಆಟ) ಮೊನ್ನೆ ಒಂದು ಎಡವಟ್ಟಾಯಿತು. ಗುಟ್ಟು ಗೊತ್ತಿದ್ದ ಗಾಬ್ಲಿನ್‌ಗೆ, ಅಂದರೆ ಕುಳ್ಳ ರಾಕ್ಷಸನಿಗೆ, ಉಳಿದಿದ್ದು 3 ಹಿಟ್ ಪಾಯಿಂಟ್ (ಜೀವದ ಅಂಕ). ಗೆಳೆಯ ಬಾಣ ಬಿಟ್ಟ. ಡೈಸ್ ಉರುಳಿ ಚುರುಮುರಿ ಪೊಟ್ಟಣಕ್ಕೆ ತಾಗಿ ನಿಂತಿತು, ಡ್ಯಾಮೇಜ್ (ಏಟಿಗೆ ಕಳೆಯುವ ಅಂಕ) 7. "ಗುರೂ, ನಾನು ಕಾಲಿಗೆ ಹೊಡೆದಿದ್ದು, ಸಾಯಿಸಬೇಡ" ಅಂದ. ಅದು ಆಗಲ್ಲ.

ಐದನೇ ಆವೃತ್ತಿಯ 2014ರ ನಿಯಮದಲ್ಲಿ, ಹತ್ತಿರದಿಂದ ಹೊಡೆದ ಏಟಿಗೆ ಎದುರಾಳಿ ಸೊನ್ನೆಗೆ ಇಳಿದರೆ ಮಾತ್ರ ಕೊಲ್ಲದೆ ಪ್ರಜ್ಞೆ ತಪ್ಪಿಸಬಹುದು. ಮೊದಲೇ ಹೇಳಬೇಕಾಗಿಲ್ಲ, ಡ್ಯಾಮೇಜ್ ಕೊಟ್ಟ ಕ್ಷಣ ಹೇಳಿದರೆ ಸಾಕು. ಡೈಸ್‌ನಲ್ಲಿ ಏನೂ ಕಳೆಯುವುದಿಲ್ಲ. ಕತ್ತಿಯ ಹಿಡಿಯಿಂದ ತಲೆಗೆ ಕುಕ್ಕಿದೆ ಅಂದುಕೊಳ್ಳಿ. ಬಾಣಕ್ಕೂ ಫೈರ್‌ಬಾಲ್‌ಗೂ ಈ ಅವಕಾಶ ಇಲ್ಲ. ಬೆಂಕಿ ಉಂಡೆ ಎಸೆದು "ಮೆಲ್ಲಗೆ ಸುಟ್ಟೆ" ಅಂದರೆ ಯಾರು ಒಪ್ಪುತ್ತಾರೆ, ಅಲ್ವಾ?

ಹಳೆಯ 3.5 ಆವೃತ್ತಿ ಆಡುವವರಿಗೆ ತಲೆನೋವು ಜಾಸ್ತಿ. ಅಲ್ಲಿ ಕೊಲ್ಲದ ಏಟಿನ ಲೆಕ್ಕವನ್ನೇ ಬೇರೆ ಬರೆದಿಡಬೇಕು. ಮಾಮೂಲಿ ಕತ್ತಿಯಿಂದ ಹಾಗೆ ಹೊಡೆಯಲು ಹೋದರೆ ಅಟ್ಯಾಕ್ ರೋಲ್‌ನಲ್ಲಿ (ಏಟು ತಾಗಿತೇ ಎಂದು ನೋಡಲು ಉರುಳಿಸುವ ಡೈಸ್) 4 ಕಳೆಯುತ್ತದೆ.

ನಾವು ಈಗ ಮಾಡುತ್ತಿರುವುದು ಇಷ್ಟೇ. ಎದುರಾಳಿ ಸುಸ್ತಾದಂತೆ ಕಂಡರೆ ಬಿಲ್ಲಿನವರು, ಮಂತ್ರದವರು ಸುಮ್ನೆ ಪಕ್ಕಕ್ಕೆ ಸರಿಯುತ್ತಾರೆ. ಕೊನೆಯ ಏಟು ಕತ್ತಿಯವರದು. ಬಿದ್ದವನನ್ನು ತಕ್ಷಣ ಕಟ್ಟಿಹಾಕಿ. 2014ರ ನಿಯಮದಲ್ಲಿ 1ರಿಂದ 4 ಗಂಟೆಯೊಳಗೆ ಅವನು ಎದ್ದು ಕೂರುತ್ತಾನೆ. ನಮ್ಮವರ ಹತ್ತಿರ ಹಗ್ಗವೇ ಇರಲಿಲ್ಲ.